ಗಡಿಯ ಊರುಗಳಿಗೂ ಒಂದು ಕುರ್ಚಿ

2011ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಟಾಗ ಬಾಂಗ್ಲಾದೇಶದೊಡನೆ ತೀಸ್ತಾ ನದಿಯ ನೀರು ಹಂಚಿಕೊಳ್ಳುವ ಒಪ್ಪಂದದ ಕರಡು ಸಿದ್ಧವಾಗಿತ್ತು. ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂ ಮುಖ್ಯಮಂತ್ರಿಗಳು ಜೊತೆಗೆ ಹೋದರು. ಹೋಗಬೇಕಿದ್ದ ಐದನೆಯವರು, ಪಶ್ಚಿಮ ಬಂಗಾಳದ ಮಮತಾ ಬ್ಯಾನರ್ಜಿ, ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು. ಉತ್ತರ ಬಂಗಾಳದ ರೈತರ ಪಾಲಿನ ನೀರು ಹೋಗುತ್ತದೆಂಬುದು ಅವರ ತಕರಾರು. ಸಹಿ ಬೀಳಲಿಲ್ಲ. ಆಮೇಲೂ ವರ್ಷಗಟ್ಟಲೆ ಬೀಳಲಿಲ್ಲ.

ನೆರೆಯ ದೇಶಕ್ಕೆ ನಾಯಕರೊಬ್ಬರು ಹೋದಾಗ ನಾವು ನೋಡುವುದು ಇಬ್ಬರು ಕೈಕುಲುಕಿದ ಚಿತ್ರವನ್ನು. ಮಾತುಕತೆ ಎಷ್ಟು ಹೊತ್ತು ನಡೆಯಿತು, ಎಷ್ಟು ಒಪ್ಪಂದಗಳಾದವು ಎಂದು ಪತ್ರಿಕೆಗಳು ಲೆಕ್ಕ ಕೊಡುತ್ತವೆ. ಆದರೆ ಅಂಥ ಭೇಟಿಯ ಫಲವನ್ನು ತೀರ್ಮಾನಿಸುವವರು ಬಹಳ ಸಲ ಆ ಚಿತ್ರದಲ್ಲಿ ಇರುವುದಿಲ್ಲ. ದೂರದ ದೇಶದೊಡನೆ ಮಾಡಿಕೊಂಡ ಒಪ್ಪಂದ ಬಂದರಿಗೋ ಕಾರ್ಖಾನೆಗೋ ಬಂದು ಮುಟ್ಟುತ್ತದೆ. ನೆರೆಯ ದೇಶದೊಡನೆ ಮಾಡಿಕೊಂಡದ್ದು ನೇರವಾಗಿ ಯಾರದೋ ಹೊಲಕ್ಕೆ, ಕಾಲುವೆಗೆ, ಮನೆಯ ಅಂಗಳಕ್ಕೆ ಬಂದು ಬೀಳುತ್ತದೆ. ಆ ಹೊಲದವರನ್ನು ಕೇಳದೆ ಎರಡು ರಾಜಧಾನಿಗಳು ಮಾಡಿಕೊಂಡ ಸ್ನೇಹ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಭಾರತ-ಬಾಂಗ್ಲಾದೇಶಗಳ ಐವತ್ತು ವರ್ಷಗಳ ಅನುಭವ ಇದನ್ನೇ ಮತ್ತೆ ಮತ್ತೆ ಹೇಳಿದೆ.

ಛಿಟ್‌ಮಹಲ್‌ಗಳ ಕಥೆ ನೋಡಿ. ಬಾಂಗ್ಲಾದೇಶದ ಒಳಗೆ ಭಾರತದ 111 ತುಂಡು ನೆಲಗಳು, ಭಾರತದ ಒಳಗೆ ಅವರ 51 ಇದ್ದವು. ಕೂಚ್ ಬಿಹಾರ್ ಸಂಸ್ಥಾನ ಮತ್ತು ರಂಗಪುರದ ನಡುವಿನ ಹಳೆಯ ಜಮೀನು ಗಡಿಗಳು 1947ರ ನಂತರ ದೇಶಗಳ ಗಡಿಗಳಾಗಿಬಿಟ್ಟವು. 2011ರ ಜಂಟಿ ಎಣಿಕೆಯಂತೆ ಅಲ್ಲಿ ಸುಮಾರು 51 ಸಾವಿರ ಜನರಿದ್ದರು. ತಮ್ಮ ದೇಶವನ್ನು ತಲುಪಬೇಕಾದರೆ ಅವರು ಪರದೇಶವನ್ನು ದಾಟಬೇಕಿತ್ತು. ದಾಟಲು ಪಾಸ್‌ಪೋರ್ಟ್ ಬೇಕಿತ್ತು. ಪಾಸ್‌ಪೋರ್ಟ್ ಕೊಡುವ ಕಚೇರಿ ಇದ್ದದ್ದು ಗಡಿಯಾಚೆಯ ತಮ್ಮ ದೇಶದಲ್ಲಿ. ಭಾರತದೊಳಗಿನ ಬಾಂಗ್ಲಾ ತುಂಡುಗಳ ಮಕ್ಕಳು ಶಾಲೆ ಸೇರಲು ಪಕ್ಕದ ಹಳ್ಳಿಯ ಯಾರನ್ನೋ ಅಪ್ಪನೆಂದು ಬರೆಸಬೇಕಾಗಿತ್ತು. ಆಸ್ಪತ್ರೆಯಲ್ಲೂ ಅದೇ ಪಾಡು. ಒಬ್ಬ ಮನುಷ್ಯನಿಂದ ಅವನ ತಂದೆಯ ಹೆಸರನ್ನೂ ಕಿತ್ತುಕೊಳ್ಳುವ ಗಡಿಯನ್ನು ಅಷ್ಟು ಕಾಲ ಸಹಿಸಿಕೊಂಡದ್ದು ಎರಡೂ ದೇಶಗಳಿಗೆ ಶೋಭೆ ತರುವ ಸಂಗತಿಯಲ್ಲ.

ನಾಯಕರು ಪ್ರಯತ್ನಿಸಲಿಲ್ಲವೆಂದಲ್ಲ. 1958ರಲ್ಲಿ ನೆಹರೂ ಮತ್ತು ಪಾಕಿಸ್ತಾನದ ಫಿರೋಜ್ ಖಾನ್ ನೂನ್ ಈ ತುಂಡುಗಳ ವಿನಿಮಯಕ್ಕೆ ಒಪ್ಪಿಕೊಂಡರು. ಆ ಒಪ್ಪಂದದಲ್ಲಿದ್ದ ಬೇರುಬಾರಿ ಪ್ರದೇಶದ ವಿಚಾರದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲಿ, ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನಕ್ಕೇ ತಿದ್ದುಪಡಿ ಬೇಕು ಎಂದಿತು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಬಾಂಗ್ಲಾದೇಶದ ಶೇಖ್ ಮುಜೀಬುರ್ ರಹಮಾನ್ ಗಡಿ ಒಪ್ಪಂದಕ್ಕೆ ಸಹಿ ಹಾಕಿದರು. ಬಾಂಗ್ಲಾದೇಶದ ಸಂಸತ್ತು ಆ ವರ್ಷವೇ ಒಪ್ಪಿಗೆ ಕೊಟ್ಟಿತು, ನಮ್ಮದು ಕೊಡಲಿಲ್ಲ. 41 ವರ್ಷ ಕಳೆದ ಮೇಲೆ ಗಂಟು ಬಿಚ್ಚಿದ್ದು ಹೇಗೆ? ಮೊದಲು ವಿರೋಧಿಸಿದ್ದ ಪಶ್ಚಿಮ ಬಂಗಾಳ ಸರ್ಕಾರ 2014ರ ಕೊನೆಗೆ ಒಪ್ಪಿತು. ಪುನರ್ವಸತಿಗೆ ಕೇಂದ್ರ ಸುಮಾರು 3,000 ಕೋಟಿ ರೂಪಾಯಿ ಘೋಷಿಸಿತು. ಅಸ್ಸಾಮಿನ ಆಕ್ಷೇಪಗಳನ್ನೂ ಎದುರಿಸಿ, 2015ರ ಮೇ ತಿಂಗಳಲ್ಲಿ ಸಂಸತ್ತು ಸಂವಿಧಾನದ 100ನೇ ತಿದ್ದುಪಡಿಗೆ ಅವಿರೋಧವಾಗಿ ಒಪ್ಪಿಗೆ ಕೊಟ್ಟಿತು. ಅದಾದ ಮೇಲೆ, ಜೂನ್‌ನಲ್ಲಿ, ಪ್ರಧಾನಿ ಮೋದಿ ಢಾಕಾಕ್ಕೆ ಹೋದರು. ಮಮತಾ ಅವರೂ ಅಲ್ಲಿದ್ದರು. ಮುಂದಿನ ತಿಂಗಳು ಎರಡೂ ದೇಶಗಳ ಜಂಟಿ ತಂಡಗಳು ಈ ತುಂಡು ನೆಲಗಳಿಗೆ ಹೋಗಿ, ನೀವು ಯಾವ ದೇಶದವರಾಗಿ ಇರುತ್ತೀರಿ ಎಂದು ಕೇಳಿದವು. ಬಾಂಗ್ಲಾದೇಶದ ಒಳಗಿದ್ದವರಲ್ಲಿ ಭಾರತಕ್ಕೆ ಬರುತ್ತೇವೆ ಎಂದವರು ಸಾವಿರಕ್ಕೂ ಕಡಿಮೆ. ಉಳಿದವರು ತಮ್ಮ ಹೊಲದ ಜೊತೆಗೆ ಉಳಿದರು. ಭಾರತ 17 ಸಾವಿರ ಎಕರೆಗೂ ಹೆಚ್ಚು ನೆಲ ಬಿಟ್ಟು ಏಳು ಸಾವಿರದಷ್ಟನ್ನು ಪಡೆಯಿತು. ಅದನ್ನು ಸೋಲು ಎಂದವರಿದ್ದಾರೆ. ದೇಶಕ್ಕೆ ಕಾಲಿಡಲಾಗದ ನೆಲವನ್ನು ಕೊಟ್ಟು ಜನರಿಗೆ ವಿಳಾಸ ದೊರಕಿಸಿದ್ದು ನನ್ನ ಕಣ್ಣಿಗೆ ನಮ್ಮ ವಿದೇಶಾಂಗ ನೀತಿಯ ದೊಡ್ಡ ಗೆಲುವುಗಳಲ್ಲೊಂದು.

ಬಾಂಗ್ಲಾದೇಶದೊಡನೆ ಮಾಡಿಕೊಂಡ ಗಂಗೆಯ ನೀರಿನ ಒಪ್ಪಂದಕ್ಕೂ ಇದೇ ದಾರಿ, ಅದರಲ್ಲಿ ಕನ್ನಡಿಗರೊಬ್ಬರ ಪಾತ್ರವಿದೆ. ಪಶ್ಚಿಮ ಬಂಗಾಳದಲ್ಲಿ ಗಂಗೆಗೆ ಕಟ್ಟಿದ ಫರಕ್ಕಾ ಬ್ಯಾರೇಜ್ 1975ರಲ್ಲಿ ಕೆಲಸ ಆರಂಭಿಸಿದಂದಿನಿಂದ ಜಗಳ. 1977ರ ಐದು ವರ್ಷದ ಒಪ್ಪಂದ ಮುಗಿದು, ತಾತ್ಕಾಲಿಕ ಒಡಂಬಡಿಕೆಗಳೂ ತೀರಿ, 1988ರಿಂದ ಒಪ್ಪಂದವೇ ಇರಲಿಲ್ಲ. 1996ರಲ್ಲಿ ಪ್ರಧಾನಿಯಾಗಿದ್ದವರು ಎಚ್.ಡಿ. ದೇವೇಗೌಡರು. ಕರ್ನಾಟಕದಲ್ಲಿ ನೀರಾವರಿ ಖಾತೆ ನೋಡಿಕೊಂಡಿದ್ದ, ಕಾವೇರಿ ವಿವಾದದ ಒಳಹೊರಗು ಬಲ್ಲವರು. ಆಗಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ತಾವೇ ಢಾಕಾಕ್ಕೆ ಹೋಗಿ ಮಾತಾಡಿ ಬಂದರು. ಡಿಸೆಂಬರ್ 12ರಂದು ದೆಹಲಿಯಲ್ಲಿ ದೇವೇಗೌಡರೂ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೂ 30 ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಜನವರಿಯಿಂದ ಮೇ ಕೊನೆಯವರೆಗೆ, ಫರಕ್ಕಾದಲ್ಲಿ ಹರಿವು 70 ಸಾವಿರ ಕ್ಯೂಸೆಕ್‌ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸಮಪಾಲು. ಅತಿ ಬರದ ದಿನಗಳಲ್ಲಿ ಹತ್ತು ದಿನಕ್ಕೊಮ್ಮೆ ಸರದಿಯಂತೆ ಒಬ್ಬೊಬ್ಬರಿಗೆ 35 ಸಾವಿರ ಕ್ಯೂಸೆಕ್ ಖಾತ್ರಿ. ಬರಗಾಲದ ಕಷ್ಟವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡದ್ದು ಈ ಒಪ್ಪಂದದ ಜಾಣ್ಮೆ. ಸಂಕಷ್ಟದ ವರ್ಷ ನೀರು ಹಂಚುವುದು ಹೇಗೆ ಎಂಬ ಪ್ರಶ್ನೆಯ ಮುಂದೆ ಕಾವೇರಿ ಎಷ್ಟು ಕಾಲ ತಡವರಿಸಿತೆಂದು ನಮಗೆ ಗೊತ್ತಿದೆ.

ರಾಜ್ಯಗಳನ್ನು ಕೇಳಬೇಕೆಂಬ ಈ ವಾದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ವಿದೇಶಾಂಗ ವ್ಯವಹಾರ ಕೇಂದ್ರದ್ದು. ಸಂವಿಧಾನದ 253ನೇ ವಿಧಿಯಂತೆ, ವಿದೇಶೀ ಒಪ್ಪಂದವನ್ನು ಜಾರಿಗೆ ತರಲು ರಾಜ್ಯಪಟ್ಟಿಯ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದು. ಒಂದೊಂದು ರಾಜ್ಯಕ್ಕೂ ತಡೆಯುವ ಅಧಿಕಾರ ಕೊಟ್ಟರೆ ದೇಶದ ಮಾತಿಗೆ ಬೆಲೆ ಉಳಿಯುವುದೇ? ಕೊಡಬಾರದು ನಿಜ. ಆದರೆ ಕೇಳುವುದು ಬೇರೆ, ತಡೆಯಲು ಬಿಡುವುದು ಬೇರೆ. ಜಲಪಾಯಿಗುಡಿಯ ಗಜಲ್‌ಡೋಬಾದಲ್ಲಿ ತೀಸ್ತಾದ ಬ್ಯಾರೇಜಿನ ಗೇಟು ಎತ್ತುವವರು ರಾಜ್ಯದ ನೌಕರರು. ಅವರ ಸರ್ಕಾರ ಒಪ್ಪದ ಪಾಲನ್ನು ಬೇಸಿಗೆಯಲ್ಲಿ ದಿನವೂ ಬಿಡಿಸುವುದು ಬರೀ ಕಾನೂನಿನಿಂದ ಆಗುವ ಕೆಲಸವಲ್ಲ. 253ನೇ ವಿಧಿ ಕೈಯಲ್ಲಿದ್ದರೂ ತೀಸ್ತಾಕ್ಕಾಗಿ ಅದನ್ನು ಬಳಸಲು ದೆಹಲಿಯ ಎರಡೂ ಪಕ್ಷಗಳ ಸರ್ಕಾರಗಳು ಮುಂದಾಗಲಿಲ್ಲ.

ಬಾಂಗ್ಲಾದೇಶದ ಕಡೆಯೂ ಇದೇ ಪಾಠ. ಶೇಖ್ ಹಸೀನಾ 2024ರ ಜೂನ್‌ನಲ್ಲಿ ಅಧಿಕೃತ ಭೇಟಿಗೆ ದೆಹಲಿಗೆ ಬಂದು, ರಾಷ್ಟ್ರಪತಿ ಭವನದ ಅಂಗಳದಲ್ಲಿ ಗೌರವವಂದನೆ ಸ್ವೀಕರಿಸಿದರು. ಗಂಗೆಯ ಒಪ್ಪಂದ ನವೀಕರಿಸುವ ತಾಂತ್ರಿಕ ಮಾತುಕತೆ ಆರಂಭಿಸುವುದಾಗಿ ಇಬ್ಬರು ಪ್ರಧಾನಿಗಳೂ ಘೋಷಿಸಿದರು. ತಮ್ಮ ರಾಜ್ಯವನ್ನು ಕೇಳಿಲ್ಲವೆಂದು ಮಮತಾ ಕೆಲವೇ ದಿನಗಳಲ್ಲಿ ಪ್ರಧಾನಿಗೆ ಪತ್ರ ಬರೆದರು. ವಿದ್ಯಾರ್ಥಿಗಳು ತಮ್ಮ ಸರ್ಕಾರದ ವಿರುದ್ಧ ಬೀದಿಗಿಳಿದ ಮೇಲೆ, ಆಗಸ್ಟ್ 5ರಂದು ಹಸೀನಾ ಅಧಿಕಾರ ಬಿಟ್ಟು ಭಾರತಕ್ಕೆ ಬರಬೇಕಾಯಿತು. ಒಬ್ಬ ನಾಯಕಿಯ ಜೊತೆ ಬೆಸೆದ ಸಂಬಂಧ ಅವರೊಂದಿಗೇ ಅಲುಗಾಡಿತು. ಢಾಕಾದ ಬೀದಿಯಲ್ಲಿದ್ದ ವಿದ್ಯಾರ್ಥಿಗಳಿಗೆ ಭಾರತ ಆ ಸರ್ಕಾರದ ಗೆಳೆಯನಾಗಿಯೇ ಕಂಡಿತ್ತು, ತಮ್ಮ ನೆರೆಯವನಾಗಿ ಅಲ್ಲ.

ಗಂಗೆಯ ಒಪ್ಪಂದದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಅದನ್ನು ಮುಂದುವರಿಸುವ ಮಾತುಕತೆಯಲ್ಲಿ ಫರಕ್ಕಾದ ಹೂಳಿನಿಂದ ನೆರೆ ಹೆಚ್ಚಿದೆ ಎನ್ನುವ ಬಿಹಾರದ ದೂರು ಇರಬೇಕು. ನದಿ ಕೊರೆದು ಮನೆ ಕಳೆದುಕೊಳ್ಳುತ್ತಿರುವ ಮಾಲ್ಡಾ, ಮುರ್ಶಿದಾಬಾದ್‌ನವರ ಅಳಲು ಇರಬೇಕು. ಬೇಸಿಗೆಯಲ್ಲಿ ಸಿಹಿನೀರು ಇಳಿದಂತೆ ಉಪ್ಪುನೀರು ಒಳಕ್ಕೆ ನುಗ್ಗುವ ಖುಲ್ನಾದ ರೈತರ ಅನುಭವವೂ ಇರಬೇಕು. ಇವೆಲ್ಲವನ್ನೂ ಪಟ್ನಾ, ಕೋಲ್ಕತ್ತ, ಢಾಕಾಗಳಲ್ಲಿ ಬಿಚ್ಚಿ ಮಾತಾಡಿ ಮುಗಿಸಿ, ಆಮೇಲೆ ಭೇಟಿಯ ದಿನಾಂಕ ಗೊತ್ತುಮಾಡಲಿ.