ದಿನ್ ಮತ್ತು ದೀನ್



"ನಾನು ಇಂಗ್ಲಿಷ್ ಓದಿದವಳಲ್ಲ ಆಪಾ, ಮಗಳಿಗೆ ಏನು ಹೇಳಿಕೊಡಲಿ?" ಹುಣಸೂರು ತಾಲೂಕಿನ ಹನಗೋಡಿನಲ್ಲಿ ತಾಯಿಯೊಬ್ಬರು ನನ್ನನ್ನು ಹೀಗೆ ಕೇಳಿದರು. ಎರಡು ದಿನ ರಜೆ ಕೇಳಿ ಮಗಳು ಬರೆದ ಪತ್ರದಲ್ಲಿ 'ಲೀವ್' ಇರಬೇಕಾದಲ್ಲಿ 'ಲಿವ್' ಎಂದಿತ್ತು. ತರಗತಿಯಲ್ಲಿ ಎಲ್ಲರೂ ನಕ್ಕರು. ಅಂದಿನಿಂದ ಹುಡುಗಿ ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದಾಳೆ.

"ದಿನ್, ದೀನ್ ಎರಡೂ ಒಂದೇನಾ?" ಎಂದು ಕೇಳಿದೆ.

"ಅದು ಹೇಗಾಗುತ್ತೆ? ಒಂದು ದಿವಸ, ಇನ್ನೊಂದು ಧರ್ಮ. ಚಿಕ್ಕ ಮಕ್ಕಳಿಗೂ ಗೊತ್ತು."

"ಲಿವ್, ಲೀವ್ ಕೂಡ ಹಾಗೆಯೇ. ಒಂದು ಬದುಕು, ಇನ್ನೊಂದು ರಜೆ."

ಹ್ರಸ್ವ-ದೀರ್ಘ ನಮ್ಮ ಕಿವಿಗೆ ಹೊಸದಲ್ಲ. ಕುರ್‌ಆನ್ ಓದುವಾಗ ಮದ್ದ್ ಬಂದಲ್ಲಿ ಎಳೆಯದಿದ್ದರೆ ಉಸ್ತಾದರು ತಿದ್ದುತ್ತಿದ್ದರು. ಸಹಜ ಮದ್ದ್‌ಗೆ ಎರಡು ಹರಕತ್‌ಗಳಷ್ಟು ಕಾಲ. ಅರಬಿಯಲ್ಲಿ 'ಕತಬ' ಎಂದರೆ ಬರೆದನು, 'ಕಾತಬ' ಎಂದರೆ ಪತ್ರವ್ಯವಹಾರ ಮಾಡಿದನು. ಕನ್ನಡದಲ್ಲೂ ಬಲ ಬೇರೆ, ಬಾಲ ಬೇರೆ.

ತೊಡಕಿರುವುದು ಇಂಗ್ಲಿಷಿನ ಬರವಣಿಗೆಯಲ್ಲಿ. ಕನ್ನಡದಲ್ಲಿ 'ಹನಗೋಡು' ಎಂದು ಬರೆದರೆ ಗೋ ದೀರ್ಘವೆಂದು ಕಣ್ಣಿಗೇ ಕಾಣುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಒಂದೇ 'ಓ' ಅಕ್ಷರ; ಗೊ ಎಂದೋ ಗೋ ಎಂದೋ ತಿಳಿಯದು.

ಕೆಲವು ಗುರುತುಗಳಿವೆ. ಎರಡು 'ಇ' ಜೊತೆಯಾಗಿ ಬಂದರೆ ಹೆಚ್ಚಾಗಿ ದೀರ್ಘ: ಶೀಪ್, ಫೀಲ್. ಒಂದೇ 'ಐ' ಇದ್ದು ನಂತರ ವ್ಯಂಜನದಲ್ಲಿ ಪದ ಮುಗಿದರೆ ಹೆಚ್ಚಾಗಿ ಹ್ರಸ್ವ: ಶಿಪ್, ಫಿಲ್. 'ಇ-ಎ' ಜೋಡಿ ಸೀಟ್, ಲೀವ್ ಪದಗಳಲ್ಲಿ ದೀರ್ಘ. ಬ್ರೆಡ್, ಹೆಡ್ ಪದಗಳಲ್ಲಿ ಹ್ರಸ್ವ. ಎರಡು 'ಓ' ಫೂಡ್ ಎಂಬಲ್ಲಿ ಎಳೆಯುತ್ತದೆ, ಬುಕ್ ಎಂಬಲ್ಲಿ ಎಳೆಯುವುದಿಲ್ಲ. ಆದ್ದರಿಂದ ಹೊಸ ಪದ ಕಲಿತಾಗ ಅಕ್ಷರದ ಜೊತೆ ಉಚ್ಚಾರವನ್ನೂ ಕಲಿಯಬೇಕು. ಮಗುವಿನ ನೋಟ್‌ಬುಕ್‌ನಲ್ಲಿ ಪದದ ಪಕ್ಕ ಕನ್ನಡದಲ್ಲಿ ಬರೆದಿಡಿ. ನಮ್ಮ ಲಿಪಿ ಇಲ್ಲಿ ನಮಗೆ ದೊಡ್ಡ ಸಹಾಯ.

ಇನ್ನೊಂದು ಮಾತು. ಬರೀ ಎಳೆದರೆ ಸಾಲದು. 'ಸೀಟ್' ಎನ್ನುವಾಗ ತುಟಿ ನಗುವಂತೆ ಅಗಲವಾಗಲಿ, 'ಸಿಟ್' ಎನ್ನುವಾಗ ಸಡಿಲವಾಗಿರಲಿ.

ರಾತ್ರಿ ರೊಟ್ಟಿ ಬೇಯಿಸುತ್ತಲೇ ಐದು ನಿಮಿಷ ಈ ಆಟ ಆಡಿ: ಮಗು ಶಿಪ್ ಅಥವಾ ಶೀಪ್ ಎನ್ನಲಿ, ಹಡಗೋ ಕುರಿಯೋ ನೀವು ಹೇಳಿ. ಆಮೇಲೆ ನೀವು ಹೇಳಿ, ಮಗು ಗುರುತಿಸಲಿ. ತಪ್ಪಿದರೆ ಇಬ್ಬರೂ ಸೇರಿ ನಗಬಹುದು. ತಾಯಿಯ ಜೊತೆ ನಕ್ಕ ಮಗು ತರಗತಿಯ ನಗುವಿಗೆ ಅಷ್ಟು ಸುಲಭವಾಗಿ ಹೆದರುವುದಿಲ್ಲ.