‘ಕಾಡಿನದು’ ಎಂಬ ಹೊಗಳಿಕೆ

ಬೆಂಗಳೂರಿನ ಯಾವುದಾದರೂ ದೊಡ್ಡ ಮದ್ಯದಂಗಡಿಯಲ್ಲಿ ಜಿನ್ ಬಾಟಲಿಗಳ ಮೇಲಿನ ಬರಹವನ್ನು ಓದಿ ನೋಡಿ. ಹಿಮಾಲಯದ ಕಾಡು ಜುನಿಪರ್ ಬಳಸಿದ್ದೇವೆ ಎಂಬ ಹೆಮ್ಮೆ ಒಂದೆರಡರ ಮೇಲಾದರೂ ಕಾಣುತ್ತದೆ. ಅದೇ ಕಾಯಿ ಆಯುರ್ವೇದದಲ್ಲಿ ಹಪುಷಾ. ಹೊಟ್ಟೆಯುಬ್ಬರಕ್ಕೆ, ಅಜೀರ್ಣಕ್ಕೆ ಕೊಡುವ ಚೂರ್ಣ. ಅದೇ ಕುಲದ ಮರಗಳ ಎಲೆ, ಕಟ್ಟಿಗೆ ಟಿಬೆಟಿನ ಧೂಪಕ್ಕೆ ಬೇಕು. ಎಲ್ಲ ಕಡೆಯೂ ‘ಕಾಡಿನದು’ ಎನ್ನುವುದು ಹೊಗಳಿಕೆಯ ಮಾತು. ನನ್ನ ತಕರಾರು ಇರುವುದು ಈ ಹೊಗಳಿಕೆಯ ಬಗ್ಗೆಯೇ. ಕಾಡಿನದು ಎಂದರೆ ಯಾರೂ ನೆಟ್ಟಿದ್ದಲ್ಲ. ಯಾರೂ ನೆಟ್ಟಿದ್ದಲ್ಲ ಎಂದಮೇಲೆ, ನಾಳೆ ಅದು ಮುಗಿದುಹೋದರೆ ಉತ್ತರ ಹೇಳಬೇಕಾದವರೂ ಯಾರೂ ಇಲ್ಲ.

ಜುನಿಪರ್ ಸೂಜಿ ಎಲೆಯ ಪೊದೆ, ಸೈಪ್ರೆಸ್ ಕುಟುಂಬದ್ದು. ನಾವು ಹಣ್ಣು ಎನ್ನುವುದು ನಿಜವಾಗಿ ಹಣ್ಣಲ್ಲ, ಪೈನ್ ಮರದ ಕಾಯಿಯಂಥದ್ದೇ ತಿರುಳು ತುಂಬಿಕೊಂಡು ಉರುಟಾದದ್ದು. ಅದು ಹಸಿರಿನಿಂದ ಕಡುನೀಲಿಗೆ ತಿರುಗಲು ಎರಡನೆಯ, ಕೆಲವೊಮ್ಮೆ ಮೂರನೆಯ ವರ್ಷ ಬರಬೇಕು. ಹಾಗಾಗಿ ಒಂದೇ ಕೊಂಬೆಯಲ್ಲಿ ಮಾಗಿದ್ದೂ ಎಳೆಯದೂ ಜೊತೆಯಲ್ಲಿರುತ್ತವೆ. ಬಲ್ಲವರು ಕೆಳಗೆ ಬುಟ್ಟಿ ಹಿಡಿದು ಕೊಂಬೆಗೆ ಕೋಲಿನಿಂದ ತಟ್ಟುತ್ತಾರೆ. ಮಾಗಿದ್ದು ಉದುರುತ್ತದೆ, ಎಳೆಯದು ಉಳಿಯುತ್ತದೆ. ಅವಸರದವರು ಕೊಂಬೆಯನ್ನೇ ಕಡಿಯುತ್ತಾರೆ. ಅದರೊಂದಿಗೆ ಮುಂದಿನ ವರ್ಷಗಳ ಫಸಲೂ ಹೋಯಿತು.

ಈ ಅವಸರ ಹೇಗೆ ಹುಟ್ಟುತ್ತದೆ ಎಂದು ನಮಗೆ ಗೊತ್ತು. ಉಪ್ಪಾಗೆಯನ್ನು ನೆನಪಿಸಿಕೊಳ್ಳಿ. ಮಲೆನಾಡಿನ ಅಡುಗೆಮನೆಯ ಹುಳಿಗೆ, ತುಪ್ಪಕ್ಕೆ ಒದಗುತ್ತಿದ್ದ ಆ ಹಣ್ಣಿನ ಸಿಪ್ಪೆ ಮೈತೂಕ ಇಳಿಸುತ್ತದೆ ಎಂದು 1990ರ ದಶಕದಲ್ಲಿ ವಿದೇಶದ ಮಾರುಕಟ್ಟೆ ನಂಬಿತು. ಬೆಲೆ ಏರಿತು. ಹಣ್ಣಾಗಲಿ ಎಂದು ಕಾದವನ ಪಾಲು ಕಾಯದವನಿಗೆ ಹೋಗುತ್ತಿತ್ತು. ಕಾಯಿ ಇರುವಾಗಲೇ ಕೊಯ್ದರು, ಕೊಂಬೆ ಕಡಿದರು, ಸಿಪ್ಪೆ ಒಣಗಿಸಲು ಅದೇ ಕಾಡಿನ ಸೌದೆ ಉರಿಸಿದರು. ಕೊಯ್ದವರು ದುಷ್ಟರಲ್ಲ. ಒಡೆತನವಿಲ್ಲದ ಮರ, ಏರುತ್ತಿರುವ ಬೆಲೆ ಎರಡೂ ಸೇರಿದರೆ ಆಗುವುದೇ ಇದು.

ಜುನಿಪರ್ ಅಳಿವಿನಂಚಿನಲ್ಲಿಲ್ಲವಲ್ಲ ಎಂದು ನೀವು ಕೇಳಬಹುದು. ಸರಿಯೇ. ಜಿನ್‌ಗೆ ಬಳಸುವ ಸಾಮಾನ್ಯ ಜುನಿಪರ್ ಭೂಮಿಯ ಉತ್ತರಾರ್ಧದಲ್ಲೆಲ್ಲ ಹಬ್ಬಿದೆ. ಆದರೆ ಜಾತಿ ಉಳಿದೂ ಗುಡ್ಡ ಬರಿದಾಗಬಹುದು. ಬ್ರಿಟನ್ನಿನ ಹಲವು ಕಡೆ ಈಗ ಮುದಿ ಪೊದೆಗಳಿವೆ, ಸಸಿಗಳಿಲ್ಲ. ಅಲ್ಲಿ ಕಾರಣ ಜಿನ್ ಅಲ್ಲ. ಮೊಳಕೆಯನ್ನು ಕುರಿ, ಮೊಲ ಮೇಯುತ್ತವೆ, 2010ರ ದಶಕದಿಂದ ಫೈಟಾಫ್ತೊರಾ ರೋಗವೂ ಸೇರಿಕೊಂಡಿದೆ. ಮುದಿ ಪೊದೆ ಹಸಿರಾಗಿರುವತನಕ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಅಷ್ಟರಲ್ಲಿ ಒಂದು ತಲೆಮಾರು ತಪ್ಪಿಹೋಗಿರುತ್ತದೆ.

ಇನ್ನು ಉದ್ಯಮದ ಮಾತು. ಯುರೋಪಿನ ಒಕ್ಕೂಟದ ಕಾನೂನಿನಂತೆ ಜುನಿಪರ್ ರುಚಿ ಮುಂದಿಲ್ಲದ ಪಾನೀಯ ಜಿನ್ ಅನ್ನಿಸಿಕೊಳ್ಳುವುದಿಲ್ಲ. ಜಿನ್ ಹುಟ್ಟಿ ಮುನ್ನೂರು ವರ್ಷ ದಾಟಿದೆ. ಆದರೂ ಇವತ್ತಿಗೂ ಅದರ ಜುನಿಪರ್ ಬಹುಪಾಲು ಇಟಲಿಯ, ಬಾಲ್ಕನ್ ನಾಡುಗಳ ಗುಡ್ಡಗಳಿಂದ ಆಯ್ದು ತಂದದ್ದು. ಇಷ್ಟು ದೊಡ್ಡ ಉದ್ಯಮ ತನ್ನ ಮುಖ್ಯ ಸಾಮಗ್ರಿಯನ್ನು ತೋಟವಾಗಿ ಬೆಳೆಯುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ಗಿಡ ನಿಧಾನ, ಕಾಡು ಪುಕ್ಕಟೆ. ಆ ಲೆಕ್ಕವೇ ಈಗ ‘ಕಾಡಿನ ಪರಿಶುದ್ಧತೆ’ ಎಂಬ ಹೆಸರಿನಲ್ಲಿ ಹಿಮಾಲಯಕ್ಕೆ ಬಂದಿದೆ.

ಬಳಸುವವರೆಲ್ಲ ಹೀಗೆಯೇ ಎಂದಲ್ಲ. ಲಡಾಖಿನಲ್ಲಿ ಜುನಿಪರ್ ಮರಕ್ಕೆ ಶುಕ್ಪಾ ಎನ್ನುತ್ತಾರೆ. ದೇವರ ಕಟ್ಟೆಯಾದ ಲ್ಹಾತೊ ಮೇಲೆ ಅದರ ರೆಂಬೆಗಳನ್ನು ಇಡುತ್ತಾರೆ, ವರ್ಷಕ್ಕೊಮ್ಮೆ ಹೊಸದನ್ನು ಕಟ್ಟುತ್ತಾರೆ. ಹೇಮಿಸ್ ಶುಕ್ಪಚನ್ ಎಂಬ ಊರಿಗೆ ಹೆಸರು ಬಂದದ್ದೇ ಈ ಮರದಿಂದ; ಅಲ್ಲಿನ ಹಳೆಯ ಮರಗಳ ತೋಪು ಪವಿತ್ರ. ನಮ್ಮ ದೇವರಕಾಡುಗಳಂತೆ ಅಲ್ಲಿಯೂ ಬಳಕೆಯ ಜೊತೆ ಒಂದು ಅಂಜಿಕೆ ಇದೆ. ಮಾರುಕಟ್ಟೆ ಪರಿಮಳವನ್ನಷ್ಟೇ ಒಯ್ಯುತ್ತದೆ, ಆ ಅಂಜಿಕೆಯನ್ನು ಅಲ್ಲಿಯೇ ಬಿಟ್ಟುಬರುತ್ತದೆ.

ಅಂಜಿಕೆ ಇಲ್ಲದ ಕಡೆ ಕಾನೂನು ಇರಬೇಕು. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಅದು ಇದೆ: ಇಂಥ ಸಂಪತ್ತಿನಿಂದ ಗಳಿಸುವವರು ಕಾಪಾಡಿದವರ ಜೊತೆ ಲಾಭ ಹಂಚಿಕೊಳ್ಳಬೇಕು. ಭಾರತದ ಕಂಪನಿಗಳಿಗೂ ಇದು ಅನ್ವಯಿಸುತ್ತದೆ ಎಂದು ದಿವ್ಯ ಫಾರ್ಮಸಿ ಪ್ರಕರಣದಲ್ಲಿ ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ಹೇಳಿತು. ಐದು ವರ್ಷದಲ್ಲಿ, 2023ರ ತಿದ್ದುಪಡಿಯಲ್ಲಿ, ಗ್ರಂಥಗಳಲ್ಲಿರುವ ಪಾರಂಪರಿಕ ಜ್ಞಾನದ ಬಳಕೆಗೆ ವಿನಾಯಿತಿ ಸಿಕ್ಕಿತು. ಹಪುಷಾ ಗ್ರಂಥದಲ್ಲಿದೆ ನಿಜ. ಆದರೆ ಗ್ರಂಥ ಗಿಡ ಬೆಳೆಸುವುದಿಲ್ಲ. ಬೆಟ್ಟ ಹತ್ತಿ ಕಾಯಿ ಆಯುವವರ ಹೆಸರು ಅದರಲ್ಲಿಲ್ಲ.

ಆದ್ದರಿಂದ ‘ಕಾಡಿನದು’ ಎಂದು ಮೆರೆಯುವವರು ಅದೇ ಲೇಬಲ್ಲಿನ ಮೇಲೆ ಇನ್ನು ಮೂರು ಸಾಲು ಬರೆಯಲಿ. ಯಾವ ಕಣಿವೆಯದು? ಆಯ್ದವರಿಗೆ ಕಿಲೋಗೆ ಎಷ್ಟು ಕೊಟ್ಟಿರಿ? ಅಲ್ಲಿ ಎಷ್ಟು ಸಸಿಗಳಿಗೆ ಬೇಲಿ ಹಾಕಿಸಿದಿರಿ? ಬರೆಯಲು ಆಗದಿದ್ದರೆ ಆ ಪದವನ್ನು ತೆಗೆದುಹಾಕಲಿ. ಕೊಳ್ಳುವ ನಾವು ಕೂಡ ಬಾಟಲಿಯಾಗಲಿ, ಚೂರ್ಣವಾಗಲಿ, ಧೂಪವಾಗಲಿ ದುಡ್ಡು ಕೊಡುವ ಮೊದಲು ಇದನ್ನು ಕೇಳೋಣ. ಅಂಗಡಿಯವನಿಗೆ ಉತ್ತರ ಗೊತ್ತಿರುವುದಿಲ್ಲ. ಆದರೆ ಹತ್ತು ಜನ ಕೇಳಿದರೆ ಅವನೂ ತನಗೆ ಸರಕು ತಂದುಕೊಡುವವರನ್ನು ಕೇಳಲೇಬೇಕಾಗುತ್ತದೆ.