ಅಜ್ಜಿಯ ತಂಗಿ ಯಾರಾಗಬೇಕು?
ಅಜ್ಜಿಯ ತಂಗಿಯನ್ನೂ ನಾವು ಅಜ್ಜಿ ಎಂದೇ ಕರೆಯುತ್ತೇವೆ. ಅಪ್ಪನ ದೊಡ್ಡಪ್ಪನ ಮಗನೂ ನಮಗೆ ಚಿಕ್ಕಪ್ಪನೇ. ಇಂಗ್ಲೆಂಡಿನ ಕಾನೂನು ಹಾಗೆ ನೋಡುವುದಿಲ್ಲ. 1989ರ ಮಕ್ಕಳ ಕಾಯ್ದೆಯ ಪ್ರಕಾರ ಅಜ್ಜ-ಅಜ್ಜಿ, ಒಡಹುಟ್ಟಿದವರು, ಹೆತ್ತವರ ಒಡಹುಟ್ಟಿದವರು ಮತ್ತು ಅವರ ಸಂಗಾತಿಗಳು, ಮಲತಂದೆ-ಮಲತಾಯಿ, ಇಷ್ಟೇ ನೆಂಟರು. ಬೇರೆ ಯಾರೇ ಆಗಲಿ, 16 ತುಂಬದ ಮಗುವನ್ನು 28 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅದು ಖಾಸಗಿ ಪೋಷಣೆ. (ಅಂಗವಿಕಲ ಮಗುವಾದರೆ ವಯಸ್ಸು 18.) ಆರು ವಾರ ಮೊದಲೇ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು. ಅವರು ಬಂದು ಮನೆ ನೋಡುತ್ತಾರೆ, ಮಗುವನ್ನು ಒಬ್ಬಂಟಿಯಾಗಿ ಮಾತಾಡಿಸುತ್ತಾರೆ. ಅಲ್ಲಿ ನೆಲೆಸಿದ ನಮ್ಮವರಿಗೆ ಇದು ಅವಮಾನ ಎನಿಸೀತು. ಆದರೆ ನನಗೆ ವಿಕ್ಟೋರಿಯಾ ಕ್ಲಿಂಬಿ ಎಂಬ ಹುಡುಗಿ ನೆನಪಾಗುತ್ತಾಳೆ. ಓದಿಸುತ್ತೇನೆಂದು ಐವರಿ ಕೋಸ್ಟ್‌ನಿಂದ ಅವಳನ್ನು ಕರೆದೊಯ್ದವಳು ನಮ್ಮ ಲೆಕ್ಕದಲ್ಲಿ ಅಜ್ಜಿಯೇ. 2000ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಸತ್ತಾಗ ವಿಕ್ಟೋರಿಯಾಗೆ ಎಂಟು ವರ್ಷ. ಮೈಮೇಲೆ 128 ಗಾಯಗಳಿದ್ದವು. ನಂಬಿ ಕಳಿಸಿದ ಹೆತ್ತವರು ದೂರದಲ್ಲಿದ್ದರು. ಆಡಳಿತಕ್ಕೆ ತಿಳಿಸುವ ಹೊಣೆ ಸಾಕುವವರದ್ದಷ್ಟೇ ಅಲ್ಲ, ಹೆತ್ತವರದ್ದೂ ಹೌದು. ಮಗು ಇನ್ನೊಬ್ಬರ ಮನೆಯಲ್ಲಿ ಉಂಡು ಮಲಗಿದರೂ ಅದರ ಮೇಲಿನ ಹಕ್ಕು, ಜವಾಬ್ದಾರಿ ಎರಡೂ ತಂದೆತಾಯಿಯಲ್ಲೇ ಉಳಿಯುತ್ತವೆ.